ಬೀರು ಸೇರಿದ ಮರುಮುದ್ರಣ

“ಇದನ್ನ ಈಗ ಮನೆಯೊಳಗೆ ಹೇಗಪ್ಪಾ ಸಾಗಿಸೋದು?”

ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ನಡುವಿನ ಮೆಟ್ಟಿಲ ತಿರುವಿನಲ್ಲಿ ನಿಂತು ಚಿತ್ರಪ್ಪನವರು ಕೇಳಿದ ಈ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೋಡೆಯ ಮೇಲಿನ ಕರೆಂಟಿನ ಮೀಟರು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅವರ ಕಂಕುಳಲ್ಲಿ ಕಂದು ಕಾಗದ ಸುತ್ತಿದ ಪೊಟ್ಟಣವೊಂದಿತ್ತು. ಚೀಲಕ್ಕೆ ಹಿಡಿಸದಷ್ಟು ದೊಡ್ಡದು, ಅಂಗಿಯೊಳಗೆ ತೂರದಷ್ಟು ದಪ್ಪ, ತರಕಾರಿ ಎಂದು ನಂಬಿಸಲಾಗದಷ್ಟು ಚೌಕ.

ಚಿತ್ರಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಹೆತ್ತವರಿಟ್ಟದ್ದು ನೀರು ಸರಬರಾಜು ಕಚೇರಿಯ ಹಾಜರಿಪಟ್ಟಿಯಲ್ಲಿ ಭದ್ರವಾಗಿತ್ತು. ಹೊರಗೆ ಅದಕ್ಕೆ ಕೆಲಸ ಬೀಳುತ್ತಿರಲಿಲ್ಲ. ಫೋಟೋ ಪುಸ್ತಕಗಳ ಹುಚ್ಚು ಕಂಡು ಕಟ್ಟಡದವರೇ ಸೇರಿ ಈ ಎರಡನೆಯ ನಾಮಕರಣ ಮಾಡಿದ್ದರು. ಹಾಗೆಂದು ಅವರೇನು ಕ್ಯಾಮೆರಾ ಹಿಡಿದವರಲ್ಲ. ತಮ್ಮ ಮದುವೆಯ ಫೋಟೋದಲ್ಲೇ ಕಣ್ಣು ಮುಚ್ಚಿಕೊಂಡು ನಿಂತವರು. ಆದರೆ ಯಾರೋ ಎಂದೋ ಎಲ್ಲೋ ತೆಗೆದ ಕಪ್ಪುಬಿಳುಪು ಚಿತ್ರಗಳು, ದಪ್ಪ ಕಾಗದದಲ್ಲಿ ಅಚ್ಚಾಗಿ, ಬಟ್ಟೆಯ ರಟ್ಟು ತೊಟ್ಟು, ಅಂಗಡಿಯ ಗಾಜಿನ ಹಿಂದೆ ಕೂತದ್ದು ಕಂಡರೆ ಸಾಕು, ಅವರ ಕಾಲು ಅಲ್ಲೇ ಬೇರು ಬಿಡುತ್ತಿತ್ತು. ಹೀಗೆ ಬಂದ ಪುಸ್ತಕಗಳು ಮಂಚದ ಕೆಳಗೆ ಮಲಗಿ, ಫ್ರಿಜ್ಜಿನ ಮೇಲೆ ಏರಿ, ಕೊನೆಗೆ ಅಡುಗೆಮನೆಯ ಡಬ್ಬಿಗಳ ನಡುವೆಯೂ ನುಗ್ಗಿದಾಗ ಮನೆಯಾಕೆ ಒಂದು ಕಾನೂನು ಹೊರಡಿಸಿದ್ದಳು: “ಇನ್ನೊಂದು ಪುಸ್ತಕ ಒಳಗೆ ಬಂತೋ, ನಾನು ಹೊರಗೆ.”

ಚಿತ್ರಪ್ಪನವರು ಕಾನೂನಿಗೆ ತಲೆಬಾಗುವವರೇ. ಆದರೆ ಈ ಪುಸ್ತಕದ ಮಾತೇ ಬೇರೆ. ಹೆಸರು ‘ಸಾಲಿನಲ್ಲಿ ನಿಂತವರು’. ತೀರಿಹೋಗಿ ಎಷ್ಟೋ ಕಾಲವಾದ ಛಾಯಾಗ್ರಾಹಕನೊಬ್ಬ ಜೀವಮಾನವಿಡೀ ಬೇರೇನೂ ಮಾಡದೆ, ಸಾಲುಗಟ್ಟಿ ಕಾಯುವ ಜನರನ್ನೇ ಚಿತ್ರ ತೆಗೆದಿದ್ದ. ಬಸ್ಸಿಗೆ ಕಾಯುವವರು, ಬ್ರೆಡ್ಡಿಗೆ ಕಾಯುವವರು, ಡಾಕ್ಟರಿಗೆ ಕಾಯುವವರು, ಯಾತಕ್ಕೆ ಕಾಯುತ್ತಿದ್ದೇವೆಂದು ಮರೆತೇ ಹೋದವರು. ಕಾಲೇಜಿನ ದಿನಗಳಲ್ಲಿ ಚಿತ್ರಪ್ಪನವರು ಅದನ್ನು ಗ್ರಂಥಾಲಯದ ಗಾಜಿನ ಪೆಟ್ಟಿಗೆಯೊಳಗೆ ಕಂಡಿದ್ದರು. ಪುಸ್ತಕ ತೆರೆದಿತ್ತು, ಆದರೆ ಒಂದೇ ಪುಟಕ್ಕೆ. ಇಂದು ಹೋದರೂ ಅದೇ ಪುಟ, ನಾಳೆ ಹೋದರೂ ಅದೇ ಪುಟ. ಟೊಪ್ಪಿ ಹಾಕಿದ ಮುದುಕನೊಬ್ಬ ಸಾಲಿನಲ್ಲಿ ನಿಂತು ಹಿಂದಕ್ಕೆ ತಿರುಗಿ ಯಾರನ್ನೋ ದುರುಗುಟ್ಟಿ ನೋಡುತ್ತಿದ್ದಾನೆ. ಯಾರನ್ನು? ಅದು ಮುಂದಿನ ಪುಟದಲ್ಲಿ ಇದ್ದೀತು. ಮುಂದಿನ ಪುಟವೋ ಗಾಜಿನೊಳಗೆ, ಗಾಜಿಗೋ ಬೀಗ, ಬೀಗದ ಕೈಯೋ ಗ್ರಂಥಪಾಲಕರ ಜೇಬಿನಲ್ಲಿ. ಆ ಪುಟ ತಿರುಗಿಸಬೇಕೆಂಬ ಆಸೆಯಲ್ಲೇ ಅವರಿಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ತಲೆಯ ನಡುವೆ ಬೋಳಾಯಿತು.

ಈಗ ಆ ಪುಸ್ತಕ ಮತ್ತೆ ಅಚ್ಚಾಗಿ ಬಂದಿತ್ತು. ಅದೇ ಅಳತೆ, ಅದೇ ರಟ್ಟು, ಅದೇ ಅಕ್ಷರ, ಕಪ್ಪೂ ಅಷ್ಟೇ ಕಪ್ಪು. ಮೊದಲ ಮುದ್ರಣ ಇರುವುದು ಇಟ್ಟುಕೊಳ್ಳುವವರಿಗಾಗಿ, ಮರುಮುದ್ರಣ ಇರುವುದು ನೋಡುವವರಿಗಾಗಿ ಎಂಬುದು ಚಿತ್ರಪ್ಪನವರ ಸಿದ್ಧಾಂತ. ಈ ಸಿದ್ಧಾಂತವನ್ನು ಬಗಲಲ್ಲಿ ಅವುಚಿಕೊಂಡು ಅವರು ಕರೆಗಂಟೆ ಒತ್ತಿದರು.

“ಏನ್ರೀ ಅದು?”

“ಯಾವುದು?”

“ನಿಮ್ಮ ಕಂಕುಳಲ್ಲಿರೋದು.”

ಚಿತ್ರಪ್ಪನವರು ತಮ್ಮ ಕಂಕುಳನ್ನು ಅಂದೇ ಮೊದಲು ಕಂಡವರಂತೆ ನೋಡಿಕೊಂಡರು. “ಓ, ಇದಾ! ಇದೊಂದು ಪುಸ್ತಕ ಕಣೇ.”

“ಚಿತ್ರದ್ದಾ?”

“ಚಿತ್ರಗಳೂ ಇವೆ.”

“ಓದೋಕೆ ಏನಾದ್ರೂ ಇದೆಯಾ?”

“ಮುನ್ನುಡಿ ಇದೆ.”

ಮನೆಯಾಕೆ ಸೌಟನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು. ದೊಡ್ಡದೊಂದು ಮಂಗಳಾರತಿಗೆ ಎಲ್ಲ ಸಿದ್ಧತೆಯೂ ಆಯಿತೆಂದು ಅರಿತ ಚಿತ್ರಪ್ಪನವರು ಒಂದೇ ಉಸಿರಿಗೆ ಅಂದುಬಿಟ್ಟರು:

“ಇದು ಅಂತಿಂಥ ಪುಸ್ತಕ ಅಲ್ಲ ಕಣೇ! ಇದರ ಮೊದಲ ಮುದ್ರಣ ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಅದಕ್ಕಾಗಿ ದೊಡ್ಡ ದೊಡ್ಡೋರು ಕಾರು ಮಾರಿಕೊಂಡು ಬರ್ತಾರೆ!”

ಈ ಮಾತಿಗೆ ಎರಡನೆಯ ಅರ್ಧವೊಂದಿತ್ತು. ‘ಅಂಥದ್ದು ಈಗ ಮರುಮುದ್ರಣವಾಗಿ ನಮ್ಮಂಥವರ ಕೈಗೂ ಸಿಕ್ಕಿದೆ’ ಎಂಬುದೇ ಅದು. ಆದರೆ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಸೌಟು ಕೆಳಗಿಳಿದಿತ್ತು. ಮನೆಯಾಕೆ ಮೇಜಿನ ಮೇಲಿನ ಧೂಳು ಒರೆಸಿದಳು. ಒರೆಸಿದ ಜಾಗದಲ್ಲಿ ದಿಂಬಿಟ್ಟಳು. ದಿಂಬಿನ ಮೇಲೆ ಪುಸ್ತಕವನ್ನು, ಆಗಷ್ಟೇ ಹುಟ್ಟಿದ ಕೂಸನ್ನು ಮಲಗಿಸಿದಂತೆ ಮಲಗಿಸಿದಳು. ಮತ್ತೆ ಗಂಡನ ಮುಖವನ್ನು, ಮದುವೆಯಾದಂದಿನಿಂದ ನೋಡದ ರೀತಿಯಲ್ಲಿ, ನೋಡಿದಳು.

“ಅಷ್ಟು ಹೊತ್ತಿನಿಂದ ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ. ಟೀ ತರ್ತೀನಿ.”

ಕೇಳದೆಯೇ ಬಂದ ಟೀ! ಎಂಥ ಸತ್ಯಸಂಧನಾದರೂ ಆ ಲೋಟದ ಮುಂದೆ ತುಸು ಅಳುಕಿಯಾನು. ಚಿತ್ರಪ್ಪನವರು ಟೀಯ ಜೊತೆಗೆ ಆ ಎರಡನೆಯ ಅರ್ಧವನ್ನೂ ಕುಡಿದುಬಿಟ್ಟರು. ಲೋಟ ಕೆಳಗಿಡುವಷ್ಟರಲ್ಲಿ ಪುಸ್ತಕ ಬೀರುವಿನೊಳಗೆ ಚಳಿಗಾಲದ ಕಂಬಳಿಗಳ ನಡುವೆ ಸೇರಿತ್ತು, ಬೀಗದ ಕೈ ಮನೆಯಾಕೆಯ ಕೈಚೀಲ ಸೇರಿತ್ತು, ಸುದ್ದಿ ಫೋನಿನಲ್ಲಿ ಆಕೆಯ ಅಕ್ಕನ ಕಿವಿ ಸೇರುತ್ತಿತ್ತು: “ಅಯ್ಯೋ, ನಿಮ್ಮ ಯಜಮಾನರಿಗೆ ಇಂಥದ್ದೆಲ್ಲ ಎಲ್ಲಿ ತಿಳೀಬೇಕು ಬಿಡು ಅಕ್ಕ.”

ಮರುದಿನ ಬೆಳಿಗ್ಗೆ ಚಿತ್ರಪ್ಪನವರು ಕೈಕಾಲು ಮುಖ ತೊಳೆದು, ಕ್ರಾಪು ತೀಡಿ, ಬೀರುವಿನ ಮುಂದೆ ನಿಂತರು.

“ಸ್ವಲ್ಪ ಬೀಗದ ಕೈ ಕೊಡು. ಒಂದು ಪುಟ ನೋಡ್ಬೇಕು.”

“ಯಾಕೆ? ನಿನ್ನೆ ಅಂಗಡೀಲಿ ನೋಡ್ಲಿಲ್ವಾ?”

“ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ರು ಕಣೇ. ಒಳಗೆ ಏನಿದೆ ಅಂತ ನಾನಿನ್ನೂ ನೋಡೇ ಇಲ್ಲ.”

“ನಿಮ್ಮ ಕೈ ಬೆವರುತ್ತೆ. ಬೇಡಾಪ್ಪ.”

ಇನ್ನು ಸತ್ಯಕ್ಕೆ ಶರಣಾಗುವುದೇ ಸರಿ ಎಂದು ಚಿತ್ರಪ್ಪನವರು ಗಂಟಲು ಸರಿಮಾಡಿಕೊಂಡರು. “ನೋಡು, ಅದು ಹಳೇದಲ್ಲ. ಮರುಮುದ್ರಣ. ಹೊಸದಾಗಿ ಅಚ್ಚು ಹಾಕಿರೋದು. ಬೆವರಿದ್ರೂ ಏನೂ ಆಗಲ್ಲ.”

ಮನೆಯಾಕೆ ಒಂದು ಕ್ಷಣ ಅವರನ್ನೇ ದಿಟ್ಟಿಸಿದಳು. ಆಮೇಲೆ ಆಕೆಯ ಮುಖ ಬೆಳಗಿತು. “ಎಷ್ಟು ಜಾಣರ್ರೀ ನೀವು! ಹೊರಗೆ ಯಾರು ಕೇಳಿದ್ರೂ ಹೀಗೇ ಹೇಳ್ಬೇಕು. ಕಳ್ಳಕಾಕರು ಇರೋ ಕಾಲ. ನಾನೂ ಹಾಗೇ ಹೇಳ್ತೀನಿ.”

ಸತ್ಯಕ್ಕೆ ಬಂದ ಮೊದಲ ಸೋಲು ಇದು. ಎರಡನೆಯದನ್ನು ಭಾಮೈದ ಹೊತ್ತುಕೊಂಡು ಬಂದ.

ಭಾಮೈದ ವಿಮಾ ಏಜೆಂಟು. ಎದುರಿಗಿದ್ದ ಯಾವ ವಸ್ತುವೇ ಆಗಲಿ, ಅದು ಸುಟ್ಟುಹೋದರೆ, ಕಳೆದುಹೋದರೆ, ಒಡೆದುಹೋದರೆ ಏನು ಗತಿ ಎಂದೇ ಅವನ ಯೋಚನೆ ಓಡುವುದು. ಮನೆಯಾಕೆ ಬೀರು ತೆಗೆದು ಪುಸ್ತಕ ತಂದಿಟ್ಟಾಗ ಅವನು ಎರಡು ಬೆರಳಿನಲ್ಲಿ ರಟ್ಟು ಎತ್ತಿ, ಮೊದಲ ಹಾಳೆ ನೋಡಿ, ಕೂತ ಕುರ್ಚಿಯಿಂದ ಎದ್ದುಬಿಟ್ಟ.

“ಭಾವ! ವರ್ಷ ನೋಡಿ ಇಲ್ಲಿ! ಇದು ಅಚ್ಚಾದಾಗ ನಮ್ಮಪ್ಪ ಇನ್ನೂ ಅಂಬೆಗಾಲಿಡ್ತಿದ್ರು!”

“ಅದು ಹಳೇ ಪುಟದ ಪಡಿಯಚ್ಚು ಕಣಪ್ಪ. ಹಳೇದು ಹೇಗಿತ್ತೋ ಹಾಗೇ ಇರ್ಲಿ ಅಂತ ಆ ವರ್ಷಾನೂ ಬಿಡದೆ ಅಚ್ಚು ಹಾಕ್ತಾರೆ. ಹೊಸದು ಅನ್ನೋದನ್ನ ಕೊನೇ ಪುಟದಲ್ಲಿ ಸಣ್ಣದಾಗಿ ಹಾಕಿರ್ತಾರೆ. ತೆಗೆದು ನೋಡು.”

“ತೆಗೆಯೋದಾ!” ಭಾಮೈದ ಪುಸ್ತಕಕ್ಕೆ ಅಡ್ಡ ನಿಂತ. “ಕೊನೇ ಪುಟದವರೆಗೂ ಬಿಡಿಸಿ ಬೆನ್ನು ಸೀಳಿಬಿಟ್ರೆ? ವಿಮೆ ಆಗೋ ತನಕ ಯಾರೂ ಮುಟ್ಟೋ ಹಾಗಿಲ್ಲ.”

“ಮೂಸಿ ನೋಡಾದ್ರೂ ನೋಡಪ್ಪ. ಹೊಸ ಮಸಿ ವಾಸನೆ ಹೊಡೀತಿದೆ!”

ಭಾಮೈದ ಮೂಸಿದ. ಅವನ ಕಣ್ಣುಗಳು ತೇವವಾದವು. “ಅಕ್ಕ, ಇಷ್ಟು ವರ್ಷ ಆದ್ರೂ ವಾಸನೆ ಕೂಡ ಹೋಗಿಲ್ಲ ನೋಡು. ಅದೆಂಥ ಪುಣ್ಯಾತ್ಮ ಕಾಪಾಡಿಟ್ಟಿದ್ದನೋ.”

ಹೊಸದೆಂದು ತೋರಿಸಬೇಕಾದರೆ ಪುಸ್ತಕ ಬಿಡಿಸಬೇಕು; ಬಿಡಿಸಬೇಕಾದರೆ ಅದು ಹೊಸದೆಂದು ಮೊದಲು ನಂಬಬೇಕು. ಈ ಸುಳಿಯಲ್ಲಿ ಸಿಕ್ಕಿ ಚಿತ್ರಪ್ಪನವರು ಸುತ್ತುತ್ತಿರುವಾಗಲೇ ಪುಸ್ತಕ ಕಂಬಳಿಗಳ ನಡುವೆ ಮರಳಿ ಮಲಗಿತು.

ಎದುರುಮನೆಯಲ್ಲಿ ದಂತವೈದ್ಯೆಯೊಬ್ಬರಿದ್ದರು. ಅವರು ಹಲ್ಲಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೋ ಉಳಿದ ವಿಷಯದಲ್ಲೂ ಅಷ್ಟೇ. ಸುದ್ದಿ ಕೇಳಿ, ಕ್ಲಿನಿಕ್ಕಿನಿಂದಲೇ ಒಂದು ಡಬ್ಬಿ ರಬ್ಬರ್ ಕೈಗವಸು ಹಿಡಿದು ಬಂದರು.

“ಬರಿಗೈಲಿ ಮುಟ್ಟಿದ್ರಾ? ಅಯ್ಯೋ! ಬಾಯಿಂದ ಬರೋ ಉಸಿರೂ ಒಳ್ಳೇದಲ್ಲ. ಮಾಸ್ಕ್ ಹಾಕ್ಕೊಂಡೇ ನೋಡ್ಬೇಕು.”

“ಡಾಕ್ಟ್ರೇ,” ಎಂದರು ಚಿತ್ರಪ್ಪನವರು ಕೈಮುಗಿದು, “ನಿಮಗಾದ್ರೂ ಹೇಳ್ತೀನಿ, ಅದು ಮರುಮುದ್ರಣ.”

ದಂತವೈದ್ಯೆ ಮನೆಯಾಕೆಯ ಕಡೆ ತಿರುಗಿ ಮೆಲ್ಲಗೆ ನುಡಿದರು: “ನಿಮ್ಮ ಯಜಮಾನರಿಗೆ ಎಷ್ಟು ವಿನಯ ರೀ. ಬೇರೆಯವರಾಗಿದ್ರೆ ಊರೆಲ್ಲ ಡಂಗುರ ಹೊಡೀತಿದ್ರು.”

ಡಂಗುರಕ್ಕೇನೂ ಕೊರತೆಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಚಿತ್ರಪ್ಪನವರು ಹಾಲಿನ ಪ್ಯಾಕೆಟ್ಟು ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅವರ ಬಾಗಿಲಿನಿಂದ ಮೊದಲ ಮಹಡಿಯವರೆಗೆ ಜನ ನಿಂತಿದ್ದರು. ಕೈಗವಸು ತೊಟ್ಟವರು, ಮೂಗಿಗೆ ಕರವಸ್ತ್ರ ಕಟ್ಟಿದವರು, ಮಗುವಿಗೆ ‘ಅಲ್ಲಿ ಉಸಿರು ಬಿಡಬಾರದು’ ಎಂದು ಹೇಳಿಕೊಡುವವರು. ಬಾಗಿಲಲ್ಲಿ ದಂತವೈದ್ಯೆ ಟಾರ್ಚು ಹಿಡಿದು ನಿಂತು, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಹಾಲು ಹಿಡಿದು ಮೇಲೇರಲು ಹೋದ ಚಿತ್ರಪ್ಪನವರನ್ನು ಮೊದಲ ಮಹಡಿಯ ದರ್ಜಿ ತಡೆದ.

“ಎಲ್ಲಿಗೆ ನುಗ್ತಿದ್ದೀರಿ? ನಾವೇನು ಇಲ್ಲಿ ಗೊಂಬೆಗಳ ಹಾಗೆ ನಿಂತಿದ್ದೀವಾ?”

“ನಾನು ಆ ಮನೆಯವನಪ್ಪಾ!”

“ಬಂದವರೆಲ್ಲ ಹಾಗೇ ಅಂತಾರೆ. ಹಿಂದೆ ನಿಲ್ಲಿ.”

ಚಿತ್ರಪ್ಪನವರು ಹಿಂದೆ ನಿಂತರು. ಯಾರಾದರೂ ಗಟ್ಟಿಯಾಗಿ ಹೇಳಿದರೆ ಅದನ್ನು ಮಾಡಿಬಿಡುವುದು ದೂರು ಸ್ವೀಕರಿಸುವ ಕೌಂಟರಿನಲ್ಲಿ ಕೂತು ಕೂತು ಅವರಿಗೆ ಅಂಟಿದ ಚಾಳಿ. ಹಾಲು ಬೆಚ್ಚಗಾಯಿತು. ಸಾಲು ಸರಿಯಿತು. ಸಾಲಿನಲ್ಲಿ ನಿಂತವರ ಚಿತ್ರಗಳನ್ನು ನೋಡಲು ಇಷ್ಟೊಂದು ಜನ ಸಾಲಿನಲ್ಲಿ ನಿಂತಿರುವುದನ್ನು ಆ ಛಾಯಾಗ್ರಾಹಕ ಕಂಡಿದ್ದರೆ ಎರಡನೆಯ ಸಂಪುಟಕ್ಕೆ ಕೈಹಾಕುತ್ತಿದ್ದನೋ ಏನೋ. ಕೊನೆಗೂ ಬಾಗಿಲು ಮುಟ್ಟಿದಾಗ ಚಿತ್ರಪ್ಪನವರು ಹಾಲನ್ನು ಕಂಕುಳಿಗೆ ಸಿಕ್ಕಿಸಿ ಒಳಗೆ ಇಣುಕಿದರು. ಒಳಗೆ ದಿಂಬಿನ ಮೇಲೆ ಪುಸ್ತಕ ತೆರೆದಿತ್ತು. ಟೊಪ್ಪಿಯ ಮುದುಕ ಹಿಂದಕ್ಕೆ ತಿರುಗಿ ಅದೇ ಹಳೆಯ ದುರುಗುಟ್ಟುವ ನೋಟ ನೋಡುತ್ತಿದ್ದ. ಅದೇ ಪುಟ!

“ಮುಂದಿನ ಪುಟ ತಿರುಗಿಸಿ ಡಾಕ್ಟ್ರೇ,” ಎಂದರು ಚಿತ್ರಪ್ಪನವರು.

“ಇವತ್ತಿಗೆ ಒಂದೇ ಪುಟ. ಮುಂದೆ ನಡೀರಿ, ಹಿಂದೆ ಜನ ಇದ್ದಾರೆ.”

ಕಚೇರಿಯಲ್ಲೂ ನೆಮ್ಮದಿ ಉಳಿಯಲಿಲ್ಲ. ಚಿತ್ರಪ್ಪನವರನ್ನು ದೂರಿನ ಕೌಂಟರಿನಿಂದ ಕಿಟಕಿಯಿರುವ ಒಳಕೋಣೆಗೆ ಬದಲಾಯಿಸಬೇಕೆಂಬ ಅರ್ಜಿ ಸಾಹೇಬರ ಮೇಜಿನ ಮೇಲೆ ಬಹುಕಾಲದಿಂದ ನಿದ್ದೆ ಮಾಡುತ್ತಿತ್ತು. ಆ ಸಾಹೇಬರು, ಇವರ ಮುಖ ಕಂಡರೆ ‘ನಲ್ಲಿ’ ಎಂಬುದೊಂದೇ ಶಬ್ದ ನೆನಪಾಗುತ್ತಿದ್ದವರು, ಅಂದು ಕರೆಸಿ ಕುರ್ಚಿ ತೋರಿಸಿದರು.

“ಏನ್ರೀ, ಮನೇಲಿ ನಿಧಿ ಇಟ್ಕೊಂಡು ಇಲ್ಲಿ ಸೋರೋ ಪೈಪಿನ ದೂರು ಬರ್ಕೊಳ್ತಿದ್ದೀರಾ?”

“ಸಾರ್, ಅದು ಮರುಮುದ್ರಣ ಸಾರ್.”

ಸಾಹೇಬರ ಹುಬ್ಬು ಗಂಟಿಕ್ಕಿತು. “ನನ್ನ ಹತ್ರಾನೂ ಬಚ್ಚಿಡ್ತೀರಾ? ನಾನೇನು ಕಿತ್ಕೊಂಡು ಹೋಗ್ತೀನಾ?”

“ಹಾಗಲ್ಲ ಸಾರ್...”

“ವಿಮೆಯವರು ಬೆಲೆ ಕಟ್ಟೋಕೆ ಬರ್ತಾರಂತಲ್ಲ. ನಾನೂ ಬರ್ತೀನಿ. ಆಗಬಹುದು ತಾನೇ?”

“ಆಗಲಿ ಸಾರ್,” ಎಂದಿತು ಚಿತ್ರಪ್ಪನವರ ನಾಲಿಗೆ. ಆ ಎರಡು ಪದಗಳಿಗೆ ಅವರನ್ನು ಕೇಳುವ ಅಭ್ಯಾಸ ಎಂದೂ ಇರಲಿಲ್ಲ.

ಬೆಲೆ ಕಟ್ಟುವವರು ಬಂದ ದಿನ ಚಿತ್ರಪ್ಪನವರ ಮುಂಗೋಣೆಯಲ್ಲಿ ಸೂಜಿ ಬಿದ್ದರೂ ಅದಕ್ಕೆ ಜಾಗವಿರುತ್ತಿರಲಿಲ್ಲ. ಸೋಫಾದ ನಡುವೆ ಸಾಹೇಬರು. ಒಂದು ಬದಿಗೆ ದಂತವೈದ್ಯೆ, ಮತ್ತೊಂದು ಬದಿಗೆ ಫೋನು ಕಿವಿಗಿಟ್ಟು ಅಕ್ಕನಿಗೆ ಎಲ್ಲವನ್ನೂ ವರದಿ ಮಾಡುತ್ತಿದ್ದ ಮನೆಯಾಕೆ. ಬಾಗಿಲ ಬಳಿ ದರ್ಜಿ. ಭಾಮೈದ ಹೊಸ ಟೈ ಕಟ್ಟಿಕೊಂಡು, ತನ್ನ ಕಂಪನಿಯ ಅಧಿಕಾರಿಗೆ ಮೇಜಿನ ದಾರಿ ಮಾಡಿಕೊಡುತ್ತಿದ್ದ. ಚಿತ್ರಪ್ಪನವರು ತಮ್ಮದೇ ಮನೆಯಲ್ಲಿ ನಿಲ್ಲಲು ಎಡೆಯಿಲ್ಲದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

ಅಧಿಕಾರಿ ಜಗತ್ತಿನ ಯಾವ ವಸ್ತುವಿನಲ್ಲೂ ನಂಬಿಕೆ ಉಳಿದಿರದ, ಬತ್ತಿದ ಮುಖದ ಮನುಷ್ಯ. ದಂತವೈದ್ಯೆ ಕೊಟ್ಟ ಕೈಗವಸನ್ನು ನೋಡಿ, “ಇದೇನು, ಹಲ್ಲು ಕೀಳ್ಬೇಕಾ?” ಎಂದು ಕೇಳಿ ಪಕ್ಕಕ್ಕಿಟ್ಟರು. ಆಮೇಲೆ ಪುಸ್ತಕವನ್ನು ಎತ್ತಿ, ಎಲ್ಲರೂ ‘ಹಾ’ ಎನ್ನುವುದರೊಳಗೆ ಬೋರಲು ಮಾಡಿ, ಹಿಂದಿನ ರಟ್ಟನ್ನು ತೆಗೆದರು.

“ಸಾರ್, ಆ ಕಡೆಯಿಂದಲ್ಲ, ಈ ಕಡೆಯಿಂದ,” ಎಂದ ಭಾಮೈದ.

“ನಾವು ಹಿಂದಿನಿಂದಲೇ ಶುರು ಮಾಡೋದು. ಮೊದಲ ಪುಟದಲ್ಲಿ ಎಲ್ಲರೂ ದೊಡ್ಡ ಮನುಷ್ಯರೇ.” ಕನ್ನಡಕ ಏರಿಸಿ ಅವರು ಗಟ್ಟಿಯಾಗಿ ಓದಿದರು: “ಮೂಲ ಆವೃತ್ತಿಯ ಯಥಾವತ್ ಮರುಮುದ್ರಣ. ಈ ವರ್ಷ.”

ಯಾರೂ ಉಸಿರಾಡಲಿಲ್ಲ. ಈ ಬಾರಿ ದಂತವೈದ್ಯೆಯ ಅಪ್ಪಣೆ ಅದಕ್ಕೆ ಕಾರಣವಲ್ಲ.

“ಈ ವರ್ಷ ಅಂದ್ರೆ?” ಭಾಮೈದ ಕ್ಷೀಣವಾಗಿ ಕೇಳಿದ.

“ಈಗ ನಡೀತಿರೋದು,” ಎಂದರು ಅಧಿಕಾರಿ. “ಇದಕ್ಕೆ ವಿಮೆ ಬೇಡ. ಒಂದು ಬೈಂಡು ಹಾಕಿಸಿ, ಸಾಕು.” ಮತ್ತೆ ಟೀಯನ್ನೂ ಮುಟ್ಟದೆ ಹೊರಟುಹೋದರು.

ಅವರ ಹೆಜ್ಜೆ ಸಪ್ಪಳ ಮೆಟ್ಟಿಲಲ್ಲಿ ಅಡಗಿದ್ದೇ ತಡ, ಮುಂಗೋಣೆ ಬಾಯಿ ಬಿಟ್ಟಿತು.

“ಭಾವ! ನನ್ನ ಮರ್ಯಾದೆ ತೆಗೆದುಬಿಟ್ರಲ್ಲ! ಒಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ನಲ್ಲಪ್ಪ! ಮೂಸು ಅಂತ ಕೂಡ ಹೇಳಿದೆ!”

“ನೀವು ಹೇಳಿದ ರೀತಿ ಸರಿ ಇರ್ಲಿಲ್ಲ. ನಂಬೋ ಹಾಗೆ ಹೇಳ್ಬೇಕಿತ್ತು.”

“ನನ್ನ ಒಂದು ಡಬ್ಬಿ ಗವಸು ದಂಡ,” ಎಂದರು ದಂತವೈದ್ಯೆ. “ವಿನಯ ಅಂದ್ಕೊಂಡೆ ನಾನು. ನೋಡಿದ್ರೆ ಬರೀ ನಿಜ!”

“ಹಾಲು ಹಿಡ್ಕೊಂಡು ಹಿಂದೆ ನಿಲ್ಲಿ ಅಂದ ಕೂಡ್ಲೆ ನಿಂತ್ರಲ್ಲ, ಆಗ್ಲೇ ನನಗೆ ಅನುಮಾನ ಬಂತು,” ಎಂದ ದರ್ಜಿ.

ಮನೆಯಾಕೆಯೋ, ಫೋನಿನಲ್ಲಿ ಅಕ್ಕ ‘ಏನಂತೆ, ಏನಂತೆ’ ಎಂದು ಕಿರುಚುತ್ತಿರುವಾಗಲೇ ಅದನ್ನು ಆರಿಸಿ, ಪುಸ್ತಕವನ್ನು ದಿಂಬಿನ ಮೇಲಿಂದ ಸರಕ್ಕನೆ ಎಳೆದುಕೊಂಡು, ಮೂಲೆಯ ಕುರ್ಚಿಯಲ್ಲಿ ಕೂತಳು. ತನ್ನ ಮಾನ ಹರಾಜಾದದ್ದು ಇದರೊಳಗಿನ ಅದೆಂಥ ಘನಂದಾರಿ ಚಿತ್ರಕ್ಕಾಗಿ ಎಂದು ನೋಡಿ, ಆಮೇಲೆ ಹೊಟ್ಟೆ ತುಂಬ ಬೈಯುವ ಉದ್ದೇಶ ಆಕೆಯದು. ಪಟಪಟನೆ ಪುಟ ತಿರುಗಿಸಿದಳು. ಚಿತ್ರಪ್ಪನವರು ಹೊಸ್ತಿಲಲ್ಲೇ ಹಲ್ಲು ಕಚ್ಚಿ ನಿಂತರು. ಪಟಪಟ ಸದ್ದು ಸ್ವಲ್ಪ ನಿಧಾನವಾಯಿತು. ಇನ್ನಷ್ಟು ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

“ಇವಳನ್ನ ನೋಡಿ!” ಆಕೆ ಯಾರಿಗೆಂದಿಲ್ಲದೆ ಹೇಳಿದಳು. “ಚೀಲವನ್ನ ಸಾಲಿನಲ್ಲಿ ನಿಲ್ಲಿಸಿ ತಾನು ಪಕ್ಕದವಳ ಹತ್ರ ಹರಟೆಗೆ ಹೋಗಿದ್ದಾಳೆ. ಹಿಂದೆ ನಿಂತಿರೋನು ಆ ಚೀಲವನ್ನ ಕಾಲಲ್ಲಿ ಮೆತ್ತಗೆ ಆಚೆ ತಳ್ತಾ ಇದ್ದಾನೆ, ಬಡ್ಡಿಮಗ! ಮುಖ ನೋಡಿದ್ರೆ ಏನೂ ಅರಿಯದ ಪಾಪದವನ ಹಾಗೆ!” ಆಕೆ ನಕ್ಕಳು. ಸಿಟ್ಟು ಇನ್ನೂ ಬಾಕಿಯಿರುವಾಗ ನಗು ಬಂದುದಕ್ಕೆ ಮತ್ತಷ್ಟು ಸಿಟ್ಟಾಗಿ, ಇನ್ನೂ ಜೋರಾಗಿ ನಕ್ಕಳು. “ರೀ, ಅಲ್ಲೇನು ಕಂಬದ ಹಾಗೆ ನಿಂತಿದ್ದೀರಿ? ಬನ್ನಿ ಇಲ್ಲಿ. ಮೊದಲಿಂದ ನೋಡೋಣ.”

ಚಿತ್ರಪ್ಪನವರು ಕೋಣೆ ದಾಟಲು ಹೆಜ್ಜೆ ಎತ್ತಿದರು. ಆಗಲೇ ಸೋಫಾದ ನಡುವಿನಿಂದ ಸಾಹೇಬರು ಗಂಟಲು ಕೆಮ್ಮಿದರು. ಇಡೀ ಗಲಾಟೆಯಲ್ಲಿ ಅವರೊಬ್ಬರೇ ಪ್ರಸನ್ನರಾಗಿದ್ದರು.

“ಮರುಮುದ್ರಣ ಆಗಿದ್ದೇ ಒಳ್ಳೇದಾಯ್ತು ಬಿಡ್ರೀ. ಈಗ ಯಾರು ಮುಟ್ಟಿದ್ರೂ ಭಯ ಇಲ್ಲ. ನನ್ನ ಕೊಠಡಿ ಹೊರಗೆ ಜನ ಕಾದು ಕಾದು ಶಾಪ ಹಾಕ್ತಾರೆ. ಆ ಬೆಂಚಿನ ಹತ್ರ ಇದನ್ನ ಒಂದು ಸರಪಳಿ ಹಾಕಿ ಕಟ್ಟಿಬಿಡೋಣ. ಕಾಯೋರನ್ನ ನೋಡ್ತಾ ಕಾಯ್ತಾ ಇರ್ಲಿ. ಇವತ್ತೇ ತಗೊಂಡು ಹೋಗ್ತೀನಿ, ಕೊಡಿ.” ಕೈ ಚಾಚಿ, ದನಿ ತಗ್ಗಿಸಿ, ಅವರು ಸೇರಿಸಿದರು: “ನಿಮ್ಮ ಆ ಕಿಟಕಿ ಅರ್ಜಿ ವಿಚಾರ ನಾಳೇನೇ ನೋಡ್ತೀನಿ.”

“ಕೊಟ್ಬಿಡಿ ಭಾವ,” ಎಂದ ಭಾಮೈದ. “ಪೀಡೆ ತೊಲಗ್ಲಿ.”

ಕೋಣೆಯಲ್ಲಿ ಇದ್ದವರಿಗೆಲ್ಲ ಉತ್ತರ ಗೊತ್ತಿತ್ತು. ಚಿತ್ರಪ್ಪನವರ ನಾಲಿಗೆಯೂ ತನಗೆ ರೂಢಿಯಾದ ಎರಡು ಪದಗಳನ್ನು ಹಿಡಿದು ತುಟಿಯವರೆಗೆ ಬಂದು ನಿಂತಿತ್ತು. ಅವರು ಸಾಹೇಬರ ಚಾಚಿದ ಕೈ ನೋಡಿದರು. ಮೂಲೆಯ ಕುರ್ಚಿಯಲ್ಲಿ ಮಡಿಲಿನ ಮೇಲೆ ಪುಸ್ತಕ ಹರಡಿ, ಮೊದಲ ಪುಟಕ್ಕೆ ಮರಳಿ, ಪಕ್ಕದ ಬೆತ್ತದ ಸ್ಟೂಲನ್ನು ಕಾಲಿನಿಂದ ತಮಗಾಗಿ ಎಳೆದಿಡುತ್ತಿದ್ದ ಹೆಂಡತಿಯನ್ನು ನೋಡಿದರು.

ಹೋಗಿ ಆ ಸ್ಟೂಲಿನ ಮೇಲೆ ಕೂತರು.

“ಇಲ್ಲ ಸಾರ್,” ಎಂದರು ಚಿತ್ರಪ್ಪನವರು. “ಕೊಡಲ್ಲ.”